ಆಚಾರ್ಯ ಜಗದೀಶಚಂದ್ರ ಬೋಸರು

ವಿದ್ಯೆಯನ್ನು ಗಳಿಸಿದವರು ಅನೇಕರು. ಗಳಿಸಿದುದನ್ನು ದಾಸೋಹಭಾವದಿಂದ ಲೋಕಕ್ಕೆ ಒಪ್ಪಿಸಿದವರು ವಿರಳ. ಅಂತಹ ವಿರಳರಲ್ಲಿ ಜಗದೀಶಚಂದ್ರ ಬೋಸರು ಗಣ್ಯರು.

ಅವರು ಜನಿಸಿದುದು 1858ನೆಯ ನವೆಂಬರ್ 30ರಂದು, ವಂಗದೇಶದಲ್ಲಿ. ತಂದೆ ಭಗವಾನ್‌ಚಂದ್ರರು ಸರ್ಕಾರದ ಅಧಿಕಾರಿಗಳಾಗಿದ್ದರೂ ಮಗನನ್ನು ಮೊದಲು ಮಾತೃಭಾಷೆಯ ಶಾಲೆಗೇ ಸೇರಿಸಿದರು. ಅಲ್ಲಿ ಬೆಸ್ತರ ಹುಡುಗನ ಪಕ್ಕದಲ್ಲಿ ಕುಳಿತು ಅಕ್ಷರ ಕಲಿತ ಬಾಲಕನು ಕಲ್ಕತ್ತೆಯಲ್ಲಿಯೂ ಕೇಂಬ್ರಿಜ್ಜಿನಲ್ಲಿಯೂ ವ್ಯಾಸಂಗ ಮಾಡಿ, 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕನಾದನು. ಐರೋಪ್ಯರಿಗಿಂತ ಕಡಿಮೆ ವೇತನವನ್ನು ಗೊತ್ತುಪಡಿಸಿದಾಗ ಬೋಸರು ಮೂರು ವರ್ಷ ಸಂಬಳವನ್ನೇ ಮುಟ್ಟದೆ ಪಾಠ ಹೇಳಿದರು. ಕಡೆಗೆ ಸರ್ಕಾರವೇ ಮಣಿದು ಪೂರ್ಣವೇತನವನ್ನು ಬಾಕಿಸಹಿತ ಸಲ್ಲಿಸಿತು.

ಬೆಳಕು ವಿದ್ಯುತ್ಕಾಂತ ತರಂಗವೆಂದು ಮ್ಯಾಕ್ಸ್‌ವೆಲ್ಲರು ಗಣಿತದಿಂದ ನಿರೂಪಿಸಿದ್ದರು. ಕಣ್ಣಿಗೆ ಕಾಣದ ಅದೇ ಜಾತಿಯ ತರಂಗಗಳನ್ನು ಜರ್ಮನಿಯ ಹರ್ಟ್ಸರು 1888ರ ವೇಳೆಗೆ ಪ್ರಯೋಗದಿಂದ ತೋರಿಸಿದರು. ಶೂನ್ಯದಲ್ಲಿ ಇವೆಲ್ಲವುಗಳ ವೇಗವೂ ಒಂದೇ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಭೇದವಿರುವುದು ಅಲೆಯ ಉದ್ದದಲ್ಲಿ, ಎಂದರೆ ಒಂದು ಶಿಖರದಿಂದ ಮುಂದಿನ ಶಿಖರಕ್ಕಿರುವ ಅಂತರದಲ್ಲಿ. ಹರ್ಟ್ಸರ ಅಲೆಗಳು ಅಡಿಗಟ್ಟಲೆ ಉದ್ದವಾಗಿದ್ದುದರಿಂದ ಅವನ್ನು ಬಾಗಿಸಲು ಭಾರಿ ಅಶ್ರಗವೇ ಬೇಕಾಯಿತು. ಬೋಸರಾದರೋ ಸುಮಾರು 5 ಮಿಲಿಮೀಟರಿನಷ್ಟು ಕಿರಿಯ ಅಲೆಗಳನ್ನು ಉತ್ಪಾದಿಸಿ, ಮೇಜಿನ ಮೇಲೆ ಅಡಗುವ ಉಪಕರಣಗಳಿಂದಲೇ ಅವುಗಳ ಪ್ರತಿಫಲನ, ವಕ್ರೀಭವನ, ಧ್ರುವೀಕರಣಗಳನ್ನು ತೋರಿದರು. ಹೊಸೆದ ಸೆಣಬಿನ ಕಟ್ಟು ಸಹ ಅಲೆಯ ಕಂಪನದ ದಿಕ್ಕನ್ನು ತಿರುಗಿಸಬಲ್ಲುದೆಂದು 1898ರಲ್ಲಿ ಪ್ರಕಟಿಸಿದರು. ಅದಕ್ಕೂ ಮುನ್ನ, 1895ರಲ್ಲಿ, ಕಲ್ಕತ್ತೆಯ ಪುರಭವನದಲ್ಲಿ ಗೋಡೆಗಳನ್ನು ದಾಟಿಹೋದ ಅಲೆಗಳಿಂದ ಗಂಟೆಯನ್ನು ಬಾರಿಸಿ, ಮದ್ದನ್ನು ಸಿಡಿಸಿ ಸಭಿಕರನ್ನು ಬೆರಗುಗೊಳಿಸಿದ್ದರು.

ಇಂತಹ ಶೋಧದಿಂದ ಅಪಾರ ಧನವನ್ನು ಗಳಿಸಬಹುದಾಗಿತ್ತು. 1901ರಲ್ಲಿ ಲಂಡನ್ನಿನಲ್ಲಿ ತಂತಿಸಂಸ್ಥೆಯೊಂದರ ಒಡೆಯರು ಲಾಭದಲ್ಲಿ ಪಾಲಿನ ಆಸೆಯೊಡ್ಡಿದಾಗ ಬೋಸರು ನಿರಾಕರಿಸಿದರು. ಆಪ್ತರ ಒತ್ತಾಯದಿಂದ, ಅಲೆಗಳನ್ನು ಗುರುತಿಸುವ ಸಾಧನಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟು ದೊರೆತರೂ ಅದರಿಂದ ಕಾಸನ್ನೂ ಪಡೆಯದೆ ಅವಧಿ ತೀರಲು ಬಿಟ್ಟರು. 1917ರಲ್ಲಿ ತಮ್ಮ ಜನ್ಮದಿನದಂದು ಕಲ್ಕತ್ತೆಯಲ್ಲಿ ವಿಜ್ಞಾನಮಂದಿರವೊಂದನ್ನು ಸ್ಥಾಪಿಸಿ, ಅಲ್ಲಿನ ಶೋಧಗಳು ಸರ್ವರ ಸೊತ್ತಾಗಬೇಕೆಂದು ವಿಧಿಸಿದರು. ಸಸ್ಯಗಳ ಸ್ಪಂದನವನ್ನು ಅಳೆಯುವುದರಲ್ಲಿ ಉತ್ತರವಯಸ್ಸನ್ನು ಸವೆಸಿ, 1937ನೆಯ ನವೆಂಬರ್ 23ರಂದು ಗಿರಿಡಿಯಲ್ಲಿ ದೇಹವಿಟ್ಟರು.

ಅಂದು ಅವರು ಪಳಗಿಸಿದ ಮಿಲಿಮೀಟರ್ ತರಂಗಗಳನ್ನು ಇಂದು ರೇಡಾರು, ದೂರಸಂಪರ್ಕಗಳು ಬಳಸುತ್ತಿವೆ. ದುಡಿಮೆಯ ನ್ಯಾಯವಾದ ವೇತನಕ್ಕಾಗಿ ಮೂರು ವರ್ಷ ಹಟ ಹಿಡಿದವರೇ, ಬೆಸ್ತರ ಹುಡುಗನೊಡನೆ ಕುಳಿತು ಆರಂಭಿಸಿದ ವಿದ್ಯೆಗೆ ಬೆಲೆ ಕಟ್ಟಲು ಕಡೆಯವರೆಗೂ ಒಪ್ಪಲಿಲ್ಲ.