ಬ್ಯಾಂಡಿಗೆ ರಾಗ ಕಲಿಸಿದ ದೊರೆ

ನಾಲ್ವಡಿ ಕೃಷ್ಣರಾಜ ಒಡೆಯರು ನಮ್ಮೂರನ್ನು ಆಳಿದ ಅರಸರಲ್ಲ. ಅವರು ಮೈಸೂರಿನ ಸಿಂಹಾಸನದಲ್ಲಿದ್ದ ಕಾಲಕ್ಕೆ ಮಂಗಳೂರು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ನಮ್ಮ ಹಿರಿಯರು ತೀರ್ವೆ ಕಟ್ಟುತ್ತಿದ್ದುದು ಬ್ರಿಟಿಷ್ ಸರಕಾರಕ್ಕೆ. ಆದರೂ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಮಹನೀಯರೊಬ್ಬರ ಜೀವನವನ್ನು ಬರೆಯುವ ಅವಕಾಶ ಸಿಕ್ಕಾಗ ನಾನು ಆರಿಸಿಕೊಂಡದ್ದು ಅವರನ್ನೇ. ಈ ಶಾಲೆಯ ಹಳೆ ವಿದ್ಯಾರ್ಥಿಯಾದ ನಾನು ಕೆಲವು ವರ್ಷಗಳಿಂದ ಶನಿವಾರಗಳಂದು ಇಲ್ಲಿನ ಬ್ಯಾಂಡಿನ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ವಾದ್ಯ ಊದುವ ನಮ್ಮ ಊರಿನ ಎಲ್ಲರಿಗೂ ಆ ದೊರೆಯ ಒಂದು ಋಣವಿದೆ. ಅದನ್ನು ನೆನೆಯುವುದಕ್ಕಾಗಿ ಈ ಬರಹ.

ನಾಲ್ವಡಿಯವರು ಹುಟ್ಟಿದ್ದು 1884ರ ಜೂನ್ 4ರಂದು, ಮೈಸೂರಿನಲ್ಲಿ. ತಂದೆ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಬಾಲಕನಿಗೆ ಹತ್ತೇ ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯವನ್ನು ನಡೆಸಿದರು. 1902ರ ಆಗಸ್ಟ್ 8ರಂದು ಹದಿನೆಂಟರ ತರುಣನಿಗೆ ಅಧಿಕಾರ ಬಂತು. ಅವರ ಕಾಲದ್ದೆಲ್ಲ ನಮ್ಮ ಮಕ್ಕಳು ಪಾಠಪುಸ್ತಕದಲ್ಲಿ ಓದುವ ಸಂಗತಿ: ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿ ಕಟ್ಟೆ, 1915ರ ಕನ್ನಡ ಸಾಹಿತ್ಯ ಪರಿಷತ್ತು, 1916ರ ಮೈಸೂರು ವಿಶ್ವವಿದ್ಯಾನಿಲಯ. ಗಾಂಧೀಜಿಯವರು ಅವರನ್ನು ರಾಜರ್ಷಿ ಎಂದು ಕರೆದದ್ದೂ ಎಲ್ಲರಿಗೂ ಗೊತ್ತು. ಪಾಠಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸಿಬಿಡುವ ಅವರ ಸಂಗೀತದ ವಿಷಯವನ್ನೇ ನಾನಿಲ್ಲಿ ಹೇಳಬೇಕೆಂದಿದ್ದೇನೆ.

ಅವರದು ಬರೀ ಪೋಷಕರ ಸಂಗೀತಪ್ರೀತಿಯಲ್ಲ; ಅವರು ಸ್ವತಃ ವಾದಕರು. ವೀಣೆ, ಪಿಟೀಲು, ಕೊಳಲು, ಮೃದಂಗ, ಪಿಯಾನೊ, ಸ್ಯಾಕ್ಸೊಫೋನ್ ಸೇರಿ ಎಂಟು ವಾದ್ಯಗಳನ್ನು ನುಡಿಸುತ್ತಿದ್ದರೆಂದು ಪ್ರತೀತಿ. ತಂದೆಯ ಕಾಲದಿಂದಲೂ ಆಸ್ಥಾನದಲ್ಲಿದ್ದ ವೀಣೆ ಶೇಷಣ್ಣನವರು, ಮೈಸೂರು ವಾಸುದೇವಾಚಾರ್ಯರು ಇವರಿಗೆ ಆಪ್ತರಾದರು. ಉತ್ತರದಿಂದ ಅಬ್ದುಲ್ ಕರೀಂ ಖಾನರು, ಫಯಾಜ್ ಖಾನರು ಬಂದು ಹಾಡಿ ಗೌರವ ಪಡೆದರು. ಒಬ್ಬರಂತೆ ಇನ್ನೊಬ್ಬರಿರಲಿಲ್ಲ. ಒಬ್ಬೊಬ್ಬರ ಬಾನಿಯೂ ಬೇರೆ. ಆ ಬೇರೆತನಕ್ಕೇ ಅಲ್ಲಿ ಮನ್ನಣೆ ಸಿಗುತ್ತಿತ್ತು.

ಅರಮನೆಯಲ್ಲಿ ಬ್ಯಾಂಡೂ ಇತ್ತು. ಒಂದು ಪಾಶ್ಚಾತ್ಯ ಸಂಗೀತದ್ದು. ಜರ್ಮನಿಯ ಆಟೋ ಶ್ಮಿಟ್ ಅದರ ಹೊಣೆ ಹೊತ್ತಿದ್ದರು. ಇನ್ನೊಂದು ಕರ್ನಾಟಕ ಬ್ಯಾಂಡ್. ಕ್ಲಾರಿನೆಟ್, ಸ್ಯಾಕ್ಸೊಫೋನಿನಂಥ ವಿಲಾಯಿತಿ ವಾದ್ಯಗಳಲ್ಲಿ ನಮ್ಮ ಕೃತಿಗಳನ್ನು ನುಡಿಸುವ ಮೇಳ ಅದು. ಬಸವಪ್ಪ ಶಾಸ್ತ್ರಿಗಳು ರಚಿಸಿದ ಮೈಸೂರಿನ ನಾಡಗೀತೆ ‘ಕಾಯೌ ಶ್ರೀ ಗೌರಿ’ ಅರಮನೆಯ ಬ್ಯಾಂಡಿನಲ್ಲಿ ಮೊಳಗುತ್ತಿತ್ತು. ಆಸ್ಥಾನದ ವಿದ್ವಾಂಸರೂ ಪಾಶ್ಚಾತ್ಯ ಸಂಗೀತವನ್ನು ತಿಳಿದಿರಬೇಕೆಂಬುದು ಪ್ರಭುಗಳ ಇಚ್ಛೆಯಾಗಿತ್ತು.

ಇದರ ಕಷ್ಟ ಎಷ್ಟೆಂಬುದು ಬ್ಯಾಂಡಿನಲ್ಲಿ ಊದಿದವರಿಗೇ ಗೊತ್ತು. ಬ್ಯಾಂಡಿಗೆ ಶಿಸ್ತು ಬೇಕು. ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಎತ್ತಬೇಕು, ಒಟ್ಟಿಗೆ ನಿಲ್ಲಿಸಬೇಕು. ಅದಕ್ಕಾಗಿ ಸ್ವರವನ್ನು ಕಾಗದದಲ್ಲಿ ಬರೆದಿಟ್ಟಿರುತ್ತಾರೆ. ಆದರೆ ನಮ್ಮ ರಾಗ ಕಾಗದದಲ್ಲಿ ಪೂರ್ತಿ ಕೂರುವುದಿಲ್ಲ. ತೋಡಿಯ ಗಾಂಧಾರವನ್ನು ಅಲುಗದೆ ನೇರವಾಗಿ ಊದಿದರೆ ಸ್ವರ ತಪ್ಪಿಲ್ಲ, ಆದರೆ ತೋಡಿಯೂ ಇಲ್ಲ. ಅದು ತೂಗಬೇಕು. ಎಷ್ಟು ತೂಗಬೇಕು, ಉಸಿರನ್ನು ಎಲ್ಲಿ ತುಂಬಿಕೊಳ್ಳಬೇಕು, ಸಾಹಿತ್ಯದ ಯಾವ ಪದವನ್ನು ಒಡೆಯಬಾರದು, ಯಾವ ಸಂಗತಿಯನ್ನು ಮೆಲ್ಲನೆ ಬಿಡಬೇಕು – ಇದನ್ನು ಬರೆದವನೂ ಕೊಡಲಾರ, ಕೋಲು ಆಡಿಸುವ ಬ್ಯಾಂಡ್ ಮಾಸ್ತರನೂ ಕೊಡಲಾರ. ಊದುವವನ ತುಟಿ, ಉಸಿರು, ಬೆರಳು, ಎಲ್ಲಕ್ಕೂ ಮೊದಲು ಅವನ ಕಿವಿ ಅದನ್ನು ಕಂಡುಕೊಳ್ಳಬೇಕು. ಕರ್ನಾಟಕ ಬ್ಯಾಂಡ್ ಎಂಬುದು ಇರಬೇಕಾದರೆ ಸಾಲಿನಲ್ಲಿ ನಿಂತ ಪ್ರತಿಯೊಬ್ಬನೂ ಒಳಗೊಳಗೆ ಗಾಯಕನಾಗಿರಲೇಬೇಕು. ನಾಲ್ವಡಿಯವರ ಹಿರಿಮೆಯನ್ನು ನಾನು ಕಾಣುವುದು ಇಲ್ಲಿ. ಅವರು ಶಿಸ್ತನ್ನೂ ಬಿಡಲಿಲ್ಲ, ರಾಗವನ್ನೂ ಬಿಡಲಿಲ್ಲ. ಎರಡನ್ನೂ ಒಂದೇ ಅಂಗಳದಲ್ಲಿ ಸಾಕಿದರು.

1940ರ ಆಗಸ್ಟ್ 3ರಂದು ಅವರು ಕಾಲವಾದರು. ವಾಗ್ಗೇಯಕಾರರೂ ಆಗಿದ್ದ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ರಾಜ್ಯ ಹೋಯಿತು, ಬ್ಯಾಂಡು ಉಳಿಯಿತು. ಇಂದಿಗೂ ದಸರೆಯಲ್ಲಿ ಪೊಲೀಸ್ ಬ್ಯಾಂಡಿನವರು ಕರ್ನಾಟಕ ಸಂಗೀತ ನುಡಿಸುವಾಗ ಆ ಪರಂಪರೆಯೇ ಕೇಳಿಸುತ್ತದೆ.

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ 1949ರಲ್ಲಿ, ನಾಗಸ್ವರ ನುಡಿಸುವ ತನಿಯಪ್ಪನವರ ಮನೆಯಲ್ಲಿ ಗೋಪಾಲನಾಥ್ ಎಂಬ ಮಗ ಹುಟ್ಟಿದ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಆ ಹುಡುಗ ಮರುಳಾದ. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲೂ, ಆಮೇಲೆ ಮದರಾಸಿನ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲೂ ಕಲಿತು, ಗಮಕ ಹೊರಡುವಂತೆ ವಾದ್ಯವನ್ನೇ ಮಾರ್ಪಡಿಸಿಕೊಂಡು, ಕದ್ರಿ ಗೋಪಾಲನಾಥರಾದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ನಮ್ಮನ್ನಗಲಿದರು. ಇವತ್ತು ತುಳುನಾಡಿನ ಮದುವೆ, ಜಾತ್ರೆ, ಕೋಲ, ಎಲ್ಲಿ ಹೋದರೂ ಸ್ಯಾಕ್ಸೊಫೋನ್ ಇದೆ. ನಮ್ಮನ್ನು ಆಳದ ದೊರೆಯೊಬ್ಬರು ಬೆಳೆಸಿದ ಬ್ಯಾಂಡಿನ ದನಿ ಘಟ್ಟ ಇಳಿದು ನಮ್ಮದೇ ಆಯಿತು. ನಾನು ಋಣ ಎಂದದ್ದು ಇದನ್ನು.

ನಮ್ಮ ಶಾಲೆಯ ಬ್ಯಾಂಡಿನ ಬಗ್ಗೆ ಒಂದು ಮಾತು. ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು ಬಂದಾಗ ವಾದ್ಯಗಳು ಕಪಾಟಿನಿಂದ ಹೊರಬರುತ್ತವೆ. ಹೆಜ್ಜೆ ತಪ್ಪದಿದ್ದರೆ ಎಲ್ಲರಿಗೂ ಸಂತೋಷ. ಹೆಜ್ಜೆ ಬೇಕು, ಬೇಡವೆನ್ನುವುದಿಲ್ಲ. ಆದರೆ ಕಳೆದ ವರ್ಷ ಕೊಳಲು ಊದುವ ಎಂಟನೆಯ ತರಗತಿಯ ಹುಡುಗಿಯೊಬ್ಬಳು, ತನ್ನ ಅಜ್ಜಿ ಹಾಡುವಾಗ ಎಳೆಯುವ ಹಾಗೆ ಒಂದು ಸಾಲನ್ನು ಎಳೆಯಬಹುದೇ ಎಂದು ಕೇಳಿದಳು. ಎಳೆಯಲು ಹೇಳಿದೆ. ಉಳಿದವರು ಊದುವುದನ್ನು ನಿಲ್ಲಿಸಿ ಕೇಳಿದರು. ಅಂದಿನಿಂದ ನಮ್ಮಲ್ಲಿ ಒಂದು ಕ್ರಮವಿದೆ: ಹಾಡನ್ನು ಮೊದಲು ಬಾಯಲ್ಲಿ ಹಾಡುವುದು, ಉಸಿರಿನ ಜಾಗವನ್ನು ಮಕ್ಕಳೇ ಗುರುತಿಸುವುದು, ಆಮೇಲೆ ಒಬ್ಬೊಬ್ಬರಾಗಿ ಒಂದು ಸಾಲನ್ನು ತಮಗೆ ತೋಚಿದಂತೆ ನುಡಿಸುವುದು, ಕೊನೆಗೆ ಎಲ್ಲರೂ ಕೂಡಿ.

ಸುವರ್ಣ ಮಹೋತ್ಸವಕ್ಕೆ ಕೈಜೋಡಿಸಿರುವ ಹಳೆ ವಿದ್ಯಾರ್ಥಿಗಳಲ್ಲಿ, ಊರವರಲ್ಲಿ, ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಕಪಾಟಿನ ಬೀಗ ವಾರಕ್ಕೊಮ್ಮೆಯಾದರೂ ತೆರೆಯಲಿ, ಸಂಗೀತಕ್ಕೆ ವೇಳಾಪಟ್ಟಿಯಲ್ಲಿ ಒಂದು ಪಿರಿಯಡ್ ಸಿಗಲಿ. ಈ ಸಾಲಿನಲ್ಲಿ ನಿಂತ ಮಗುವಿಗೂ ತನ್ನದೇ ಒಂದು ದನಿ ಇದೆ.