ವಿಶ್ವೇಶ್ವರಯ್ಯ ರೈಲಿನ ಸದ್ದು ಕೇಳಿಯೇ ಹಳಿಯ ಬಿರುಕು ಹಿಡಿದರೇ? ಟ್ರೇಲರ್ ಜಾಕ್ ಕೊಳ್ಳುವ ಮುನ್ನ ಅವರ ಬದುಕು ಓದಿ

ಸೆಪ್ಟೆಂಬರ್ 15 ಬಂತೆಂದರೆ ಫ್ಯಾಮಿಲಿ ಗ್ರೂಪಿಗೆ ಒಂದು ಸಂದೇಶ ತಪ್ಪದೆ ಬರುತ್ತದೆ. ಸರ್ ಎಂ. ವಿಶ್ವೇಶ್ವರಯ್ಯ ರೈಲಿನಲ್ಲಿ ಹೋಗುತ್ತಿದ್ದರಂತೆ. ಚಕ್ರದ ಸದ್ದು ಬದಲಾದದ್ದನ್ನು ಕೇಳಿ ಚೈನ್ ಎಳೆದರಂತೆ. ಇಳಿದು ನೋಡಿದರೆ ಮುಂದೆ ಹಳಿ ಬಿರುಕು ಬಿಟ್ಟಿತ್ತಂತೆ.

ಈ ವರ್ಷ ಅದನ್ನು ಕಳಿಸಿದ್ದು ಭದ್ರಾವತಿಯ ನನ್ನ ಸೋದರಮಾವ. ಅದೇ ವಾರ ಅವರು ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರು. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಕ್ಯಾಂಪಿಂಗ್ ಟ್ರೇಲರ್ ಒಂದನ್ನು ಅವರು ಮಾಡಿಸಿಕೊಂಡಿದ್ದಾರೆ. ಅದರ ಮೂತಿಗೆ ಬೇಕಾದಾಗ ಹಾಕಿ, ಬೇಡವಾದಾಗ ತೆಗೆದಿಡುವಂಥ ಜಾಕ್ ಹಿಡಿಕೆ ಯಾವುದು ಒಳ್ಳೆಯದು ಎಂಬುದು ಆ ಪ್ರಶ್ನೆ. ಹಿಂದಿನ ಸಲ ಅಂದಾಜಿನ ಮೇಲೆ ಹಾಕಿಸಿದ್ದ ಹಿಡಿಕೆ ಜಾರಿ, ಟ್ರೇಲರಿನ ಮೂತಿ ಧೊಪ್ಪನೆ ನೆಲಕ್ಕೆ ಬಿದ್ದಿತ್ತು. ಪಕ್ಕದಲ್ಲಿದ್ದ ಅವರ ಮಗನ ಕಾಲು ಅರ್ಧ ಅಡಿಯಲ್ಲಿ ಉಳಿಯಿತು.

ಎರಡು ಸಂದೇಶಗಳನ್ನೂ ಒಟ್ಟಿಗೆ ಓದಿದಾಗ ನನಗೆ ಅನ್ನಿಸಿದ್ದು ಇಷ್ಟು: ಮಾವನ ಪ್ರಶ್ನೆಗೆ ಉತ್ತರ ವಿಶ್ವೇಶ್ವರಯ್ಯನವರ ಬದುಕಿನಲ್ಲೇ ಇದೆ. ಆದರೆ ಆ ರೈಲಿನ ಕಥೆಯಲ್ಲಿಲ್ಲ.

ಫಾರ್ವರ್ಡ್ ಎಷ್ಟು ನಿಜ?

ನನಗೆ ಬಂದ ಯಾವ ಸಂದೇಶದಲ್ಲೂ ರೈಲಿನ ಹೆಸರಿಲ್ಲ, ದಿನಾಂಕವಿಲ್ಲ, ಹತ್ತಿರದ ನಿಲ್ದಾಣದ ಹೆಸರೂ ಇಲ್ಲ. ಒಂದರಲ್ಲಿ ಘಟನೆ ಭಾರತದಲ್ಲಿ, ಇನ್ನೊಂದರಲ್ಲಿ ಇಂಗ್ಲೆಂಡಿನಲ್ಲಿ. ಹೀಗೆ ಊರು ಬದಲಾಯಿಸುವ ಕಥೆಯನ್ನು ಇತಿಹಾಸ ಎಂದು ಹಂಚಲಾಗದು. ಇದರಲ್ಲಿ ಇನ್ನೊಂದು ತೊಂದರೆಯೂ ಇದೆ. ದೊಡ್ಡ ಎಂಜಿನಿಯರ್ ಎಂದರೆ ಕಿವಿಯಲ್ಲೇ ಎಲ್ಲ ತಿಳಿಯುವ ಪವಾಡ ಪುರುಷ ಎಂದು ಇದು ನಂಬಿಸುತ್ತದೆ. ದಾಖಲಾದ ಅವರ ಬದುಕು ಹೇಳುವುದು ಬೇರೆಯೇ: ಮೊದಲು ಅಳತೆ, ಆಮೇಲೆ ಆಯ್ಕೆ.

ಮುದ್ದೇನಹಳ್ಳಿಯಿಂದ ಸಕ್ಕರ್‌ವರೆಗೆ

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಹುಟ್ಟಿದ ವರ್ಷವನ್ನು ಕೆಲವರು 1860 ಎನ್ನುತ್ತಾರೆ, ಹೆಚ್ಚಿನ ಪುಸ್ತಕಗಳಲ್ಲಿ 1861 ಎಂದಿದೆ. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ಬಲ್ಲವರು. ಮಗ ಇನ್ನೂ ಚಿಕ್ಕವನಿದ್ದಾಗಲೇ ಅವರು ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿದರು. 1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರ್ ಆಗಿ ಸೇರಿದರು.

ಈಗ ಪಾಕಿಸ್ತಾನದಲ್ಲಿರುವ ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಕೊಡುವ ಕೆಲಸ ಅವರ ಪಾಲಿಗೆ ಬಂತು. ಸಿಂಧೂ ನದಿಯ ನೀರು ಕೆಸರು ಕೆಸರು. ಶುದ್ಧ ಮಾಡುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಬಳಿ ಹಣವಿರಲಿಲ್ಲ. ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಮೂಲಕ ಜಿನುಗಿ ಬಂದ ತಿಳಿನೀರನ್ನೇ ಪಂಪ್ ಮಾಡುವ ವ್ಯವಸ್ಥೆಯನ್ನು ಅವರು ಮಾಡಿದರು. ಅಲ್ಲಿ ಇದ್ದದ್ದು ಮರಳು, ಅದನ್ನೇ ಸೋಸುವ ಜರಡಿಯಾಗಿ ಬಳಸಿಕೊಂಡರು.

ಗೋಡೆ ಎತ್ತರಿಸದೆ ಹೆಚ್ಚು ನೀರು

ಟ್ರೇಲರಿಗೆ ಹತ್ತಿರವಾದ ಕಥೆ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದ್ದು. ಮಳೆಗಾಲದಲ್ಲಿ ಕೋಡಿಯ ಮೇಲೆ ನೀರು ಹರಿದು ವ್ಯರ್ಥವಾಗುತ್ತಿತ್ತು, ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ಇಡೀ ಅಣೆಕಟ್ಟನ್ನು ಎತ್ತರಿಸುವುದು ದುಬಾರಿ ಕೆಲಸ. ಕೋಡಿಯ ಮೇಲೆ ಶಾಶ್ವತ ಗೋಡೆ ಕಟ್ಟಿದರೆ ಪ್ರವಾಹ ಬಂದಾಗ ನೀರು ಹೊರಹೋಗಲು ದಾರಿ ಇರದು.

ವಿಶ್ವೇಶ್ವರಯ್ಯ ಇದ್ದ ಕೋಡಿಯ ಮೇಲೆಯೇ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದರು. ಇದು 1903ರ ಮಾತು. ಬಾಗಿಲಿಗೆ ಸಮತೂಕವಾಗಿ ಒಂದು ಭಾರವನ್ನು ತೂಗುಬಿಟ್ಟಿತ್ತು. ನೀರು ನಿಗದಿತ ಮಟ್ಟ ದಾಟಿದರೆ ಆ ಭಾರವಿದ್ದ ಗುಂಡಿಗೂ ನೀರು ನುಗ್ಗುತ್ತಿತ್ತು. ನೀರಿನಲ್ಲಿ ಮುಳುಗಿದ ವಸ್ತು ಹಗುರವಾಗುತ್ತದಲ್ಲ, ಹಾಗೆ ಆ ಭಾರ ಹಗುರವಾಗಿ ಸಮತೂಕ ತಪ್ಪಿ ಬಾಗಿಲು ತೆರೆಯುತ್ತಿತ್ತು. ನೀರು ಇಳಿದ ಮೇಲೆ ಮತ್ತೆ ಮುಚ್ಚುತ್ತಿತ್ತು. ಕರೆಂಟ್ ಬೇಡ, ರಾತ್ರಿ ಎದ್ದು ಓಡುವ ಆಳು ಬೇಡ. ಈ ವಿನ್ಯಾಸಕ್ಕೆ ಅವರು ಪೇಟೆಂಟ್ ಪಡೆದರು. ಮುಂದೆ ಗ್ವಾಲಿಯರ್ ಬಳಿಯ ಟಿಗ್ರಾ ಅಣೆಕಟ್ಟಿನಲ್ಲೂ, ನಮ್ಮ ಕನ್ನಂಬಾಡಿಯಲ್ಲೂ ಇದೇ ಬಗೆಯ ಬಾಗಿಲುಗಳು ಬಂದವು.

ಹಳೆಯ ರಚನೆಗೆ ಹೊಸ ಭಾಗ ಸೇರಿಸುವಾಗ ಅವರು ಉತ್ತರಿಸಬೇಕಿದ್ದ ಪ್ರಶ್ನೆಗಳು ಎರಡು: ಹೊಸ ಹೊರೆಯನ್ನು ಹಳೆಯದು ತಾಳುತ್ತದೆಯೇ? ಬೇಡವಾದಾಗ ಹೊಸ ಭಾಗ ದಾರಿ ಬಿಡುತ್ತದೆಯೇ? ಈ ಎರಡು ಪ್ರಶ್ನೆಗಳನ್ನು ನೆನಪಿಟ್ಟುಕೊಳ್ಳಿ.

ಪ್ರವಾಹ, ದಿವಾನಗಿರಿ, ಭದ್ರಾವತಿ

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರವನ್ನು ನುಂಗಿತು. ನಿಜಾಮ್ ಸರ್ಕಾರದ ಕರೆಯ ಮೇಲೆ ಹೋದ ವಿಶ್ವೇಶ್ವರಯ್ಯ, ಮಳೆಯ ಪ್ರಮಾಣ ಮತ್ತು ನದಿಗೆ ನೀರು ಬರುವ ಪ್ರದೇಶವನ್ನು ಲೆಕ್ಕ ಹಾಕಿ, ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಲು ಸಲಹೆ ಕೊಟ್ಟರು. ಇಂದಿನ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಆ ಸಲಹೆಯ ಫಲ.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಅದನ್ನು ಅವರೊಬ್ಬರೇ ಕಟ್ಟಿದರು ಎಂಬ ಫಾರ್ವರ್ಡ್ ಕೂಡ ಸರಿಯಲ್ಲ. ಸಾವಿರಾರು ಕೂಲಿಕಾರರು, ಅನೇಕ ಎಂಜಿನಿಯರುಗಳು, ಮುಳುಗಿದ ಊರುಗಳನ್ನು ಬಿಟ್ಟೆದ್ದ ಕುಟುಂಬಗಳು, ಎಲ್ಲರ ಪಾಲೂ ಅದರಲ್ಲಿದೆ.

1912ರಿಂದ 1918ರವರೆಗೆ ದಿವಾನರಾಗಿದ್ದರು. ಮೈಸೂರು ಬ್ಯಾಂಕ್ ಮತ್ತು ಮೈಸೂರು ವಿಶ್ವವಿದ್ಯಾಲಯ ಆ ಕಾಲದವು. ಬ್ರಾಹ್ಮಣೇತರರಿಗೆ ಸರ್ಕಾರಿ ಹುದ್ದೆಗಳಲ್ಲಿ ಪ್ರಾತಿನಿಧ್ಯ ಕೊಡುವ ವಿಷಯದಲ್ಲಿ ಮಹಾರಾಜರೊಡನೆ ಭಿನ್ನಾಭಿಪ್ರಾಯ ಬಂದು ಹುದ್ದೆ ಬಿಟ್ಟರು. ಹೊಗಳಿಕೆಯ ಫಾರ್ವರ್ಡ್‌ಗಳಲ್ಲಿ ಈ ಭಾಗ ಇರುವುದಿಲ್ಲ. ಇರಬೇಕು.

ಅದೇ 1918ರಲ್ಲಿ, ಆಗ ಬೆಂಕಿಪುರ ಎಂದೂ ಕರೆಯುತ್ತಿದ್ದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಯಿತು. ಅದಿರು ಕೆಮ್ಮಣ್ಣುಗುಂಡಿಯದು, ನೀರು ಭದ್ರಾ ನದಿಯದು. ಕಲ್ಲಿದ್ದಲು ಮಾತ್ರ ಹತ್ತಿರದಲ್ಲೆಲ್ಲೂ ಇರಲಿಲ್ಲ. ಹಾಗಾಗಿ ಮಲೆನಾಡಿನ ಕಟ್ಟಿಗೆಯ ಇದ್ದಿಲಿನಲ್ಲೇ ಕುಲುಮೆ ಉರಿಸುವ ಯೋಜನೆ ಮಾಡಿದರು. 1923ರ ಜನವರಿಯಲ್ಲಿ ಉತ್ಪಾದನೆ ಶುರುವಾಗುವ ಹೊತ್ತಿಗೆ ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ಕಾರ್ಖಾನೆ ನಷ್ಟಕ್ಕಿಳಿಯಿತು, ಟೀಕೆ ಜೋರಾಯಿತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಮರಳಿದರು. 1929ರವರೆಗೆ ದುಡಿದು, ಖರ್ಚು ತಗ್ಗಿಸಿ, ಕಾರ್ಖಾನೆಯನ್ನು ನಿಲ್ಲಿಸಿದರು. ಆ ದುಡಿಮೆಗೆ ಬರಬೇಕಿದ್ದ ಸಂಬಳವನ್ನು ತಾವು ಇಟ್ಟುಕೊಳ್ಳದೆ, ಕೈಕಸುಬು ಕಲಿಸುವ ಶಾಲೆಗೆ ಬಳಸುವಂತೆ ಸೂಚಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಬಂದದ್ದು ಹಾಗೆ.

1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಮುಂದೆ ಭದ್ರಾವತಿಯ ಕಾರ್ಖಾನೆಗೆ ಅವರ ಹೆಸರನ್ನೇ ಇಟ್ಟರು.

ಈಗ ಮಾವನ ಜಾಕ್‌ಗೆ ಬರೋಣ

ಎತ್ತಿನ ಗಾಡಿಯಲ್ಲಿ ಎತ್ತು ಬಿಚ್ಚಿದ ಮೇಲೆ ಮೂಕಿ ನೆಲಕ್ಕೆ ಬೀಳದಂತೆ ಒಂದು ಕೋಲು ಕೊಡುತ್ತಿದ್ದರು. ಟ್ರೇಲರಿನ ಮೂತಿಯ ಜಾಕ್ ಮಾಡುವುದೂ ಅದೇ ಕೆಲಸ, ತಿರುಪು ಇರುವುದರಿಂದ ಎತ್ತಲೂ ಬರುತ್ತದೆ. ವೆಲ್ಡ್ ಮಾಡಿಬಿಟ್ಟರೆ ಗಟ್ಟಿ, ಆದರೆ ಮಲೆನಾಡಿನ ಉಬ್ಬುತಗ್ಗಿನ ದಾರಿಯಲ್ಲಿ ಕೆಳಗೆ ತಗಲುತ್ತದೆ, ಜೀಪಿನ ಹಿಂಬಾಗಿಲು ತೆರೆಯಲೂ ಅಡ್ಡ ಬರಬಹುದು. ಅದಕ್ಕೇ ತೆಗೆದಿಡುವ ಹಿಡಿಕೆ ಬೇಕಾಗುವುದು. ಕೊಳ್ಳುವ ಮುನ್ನ ಇಷ್ಟು ಮಾಡಿ:

1. ತೂಕ ಅಳೆಯಿರಿ. ಸಾಮಾನು ತುಂಬಿದ ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಮೂತಿಯ ಮೇಲಿರುವುದು ಸಾಮಾನ್ಯ. 600 ಕೆ.ಜಿ. ಟ್ರೇಲರ್ ಆದರೆ 60ರಿಂದ 90 ಕೆ.ಜಿ. ಇಷ್ಟು ತೂಕವನ್ನು ಮನೆಯಲ್ಲಿ ಜನ ಹತ್ತಿ ನಿಲ್ಲುವ ತೂಕದ ಯಂತ್ರದಲ್ಲೇ ನೋಡಬಹುದು. ಟ್ರೇಲರ್ ಮಟ್ಟವಾಗಿರಲಿ, ಚಕ್ರಗಳಿಗೆ ಕಲ್ಲು ಕೊಟ್ಟಿರಲಿ. ಜಾಕ್ ಮತ್ತು ಹಿಡಿಕೆ ಎರಡರ ಸಾಮರ್ಥ್ಯವೂ ಇದಕ್ಕಿಂತ ಸಾಕಷ್ಟು ಹೆಚ್ಚಿರಬೇಕು.

2. ಹಳೆಯದು ತಾಳುತ್ತದೆಯೇ ನೋಡಿ. ಮೂತಿಯ ಪೈಪಿನ ಅಗಲ, ಎತ್ತರ, ತಗಡಿನ ದಪ್ಪ ಮೂರನ್ನೂ ಅಳೆಯಿರಿ. ತೆಳು ಪೈಪಿಗೆ ಯು-ಬೋಲ್ಟ್ ಬಿಗಿದರೆ ಪೈಪ್ ನಜ್ಜಾಗುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ಮಾವನ ಟ್ರೇಲರಿನಲ್ಲಿ ಆದದ್ದು ಇದೇ. ಎರಡೂ ಬದಿ ದಪ್ಪ ಪ್ಲೇಟ್ ಕೊಟ್ಟು ಹಿಡಿಸುವುದು ಮೇಲು. ಪೈಪಿನ ಮೇಲ್ಮೈ ಮತ್ತು ಕೆಳಮೈಯಲ್ಲಿ ತೂತು ಕೊರೆದರೆ ಭಾರ ಹೊರುವ ಶಕ್ತಿ ಕುಗ್ಗುತ್ತದೆ.

3. ದಾರಿ ಬಿಡುತ್ತದೆಯೇ ನೋಡಿ. ಜಾಕ್ ತೆಗೆದ ಮೇಲೆ ಉಳಿಯುವ ತುಂಡು ನೆಲಕ್ಕೆ ತಗಲಬಾರದು, ತಿರುವಿನಲ್ಲಿ ಜೀಪಿಗೆ ಬಡಿಯಬಾರದು.

4. ಪಿನ್ ನೋಡಿ. ಇಡೀ ಭಾರ ನಿಲ್ಲುವುದು ಆ ಒಂದು ಪಿನ್ನಿನ ಮೇಲೆ. ಅದು ತೂತಿನಲ್ಲಿ ಅಲ್ಲಾಡಬಾರದು, ತುದಿಗೆ ಕ್ಲಿಪ್ ಇರಲೇಬೇಕು. ಕಳೆದುಹೋದರೆ ಮೊಳೆ ತುರುಕಬೇಡಿ.

5. ಜಾಕ್ ಮೇಲೆ ನಿಂತ ಟ್ರೇಲರಿನ ಕೆಳಗೆ ಕೈಕಾಲು ಹಾಕಬೇಡಿ. ಮಕ್ಕಳು ದೂರವಿರಲಿ.

ಮಾವ ಕೊನೆಗೂ ಟೇಪ್ ಹಿಡಿದು ಅಳೆದರು, ತೂಕ ಹಾಕಿದರು. ಅವರು ಆರಿಸಿಕೊಂಡಿದ್ದ ಹಿಡಿಕೆ ಪೈಪಿಗಿಂತ ಅರ್ಧ ಇಂಚು ಅಗಲವಿತ್ತು. ಅದನ್ನು ಬಿಟ್ಟು, ಶಿವಮೊಗ್ಗದಲ್ಲಿ ಅಳತೆಗೆ ತಕ್ಕಂತೆ ಪ್ಲೇಟ್ ಮಾಡಿಸಿಕೊಂಡರು.

ಮುಂದಿನ ಸೆಪ್ಟೆಂಬರ್ 15ಕ್ಕೆ ರೈಲಿನ ಕಥೆ ಬಂದರೆ, ಬೈಯುವುದೇನೂ ಬೇಡ. ಅದರ ಬದಲು ಖಡಕ್‌ವಾಸ್ಲಾದ ಬಾಗಿಲಿನ ಕಥೆಯನ್ನು ಕಳಿಸಿ. ಅದಕ್ಕೆ ಊರಿದೆ, ವರ್ಷವಿದೆ, ಅದು ಹೇಗೆ ನಡೆಯಿತು ಎಂಬ ವಿವರಣೆಯೂ ಇದೆ.