ಸಂಪುಟದ ಸೂತ್ರ ರೂಪಿಸಿ, ಸಂಪುಟ ತೊರೆದ ಅಂಬೇಡ್ಕರ್

ಪ್ರಧಾನಮಂತ್ರಿಯನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಉಳಿದ ಸಚಿವರ ನೇಮಕ ನಡೆಯುವುದು ಪ್ರಧಾನಿಯ ಸಲಹೆಯ ಮೇರೆಗೆ. ಇಡೀ ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. ಕೇಂದ್ರದ ಪ್ರತಿಯೊಂದು ಸರ್ಕಾರವೂ ರಚನೆಯಾಗುವುದು ಸಂವಿಧಾನದ 75ನೇ ವಿಧಿಯ ಈ ಸೂತ್ರದಂತೆ. ಸಂವಿಧಾನ ಸಭೆಯಲ್ಲಿ ಇದನ್ನು ಸಮರ್ಥಿಸಿ ನಿಂತ ಡಾ. ಬಿ.ಆರ್. ಅಂಬೇಡ್ಕರ್ ಅವರು, ಅದರ ಬಲವನ್ನೂ ಮಿತಿಯನ್ನೂ ಸ್ವತಃ ಸಚಿವರಾಗಿ ಅನುಭವಿಸಿದರೆಂಬುದು ಇತಿಹಾಸದ ವೈಚಿತ್ರ್ಯ.

1891ರ ಏಪ್ರಿಲ್ 14ರಂದು ಮಹೂನಲ್ಲಿ ಜನಿಸಿದ ಅಂಬೇಡ್ಕರ್, ಕೊಲಂಬಿಯಾ ಹಾಗೂ ಲಂಡನ್‌ಗಳಲ್ಲಿ ಅರ್ಥಶಾಸ್ತ್ರವನ್ನು ಆಳವಾಗಿ ಅಭ್ಯಸಿಸಿದವರು. 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಲಿಯ ಕಾರ್ಮಿಕ ಸದಸ್ಯರಾಗಿ ಕಾರ್ಮಿಕ ಕಾನೂನು, ನೀರಾವರಿ, ವಿದ್ಯುತ್ ವಿಷಯಗಳನ್ನು ನಿರ್ವಹಿಸಿದರು. ಆ ಮಂಡಲಿ ಉತ್ತರಿಸಬೇಕಾಗಿದ್ದುದು ವೈಸ್‌ರಾಯ್ ಅವರಿಗೇ ಹೊರತು ಶಾಸನಸಭೆಗಲ್ಲ.

1947ರಲ್ಲಿ ಜವಾಹರಲಾಲ್ ನೆಹರೂ ರಚಿಸಿದ ಪ್ರಥಮ ಸಂಪುಟದಲ್ಲಿ ಕಾಂಗ್ರೆಸ್ಸಿಗೆ ಸೇರದವರೂ ಇದ್ದರು. ಷಣ್ಮುಖಂ ಚೆಟ್ಟಿ ಹಣಕಾಸು, ಶ್ಯಾಮಾಪ್ರಸಾದ್ ಮುಖರ್ಜಿ ಕೈಗಾರಿಕೆ ಖಾತೆ ವಹಿಸಿಕೊಂಡರು. ಕಾಂಗ್ರೆಸ್ಸಿನ ಕಟು ಟೀಕಾಕಾರರಾಗಿದ್ದ ಅಂಬೇಡ್ಕರ್ ಕಾನೂನು ಸಚಿವರಾದರು. ಅದೇ ಆಗಸ್ಟ್ 29ರಂದು ರಚನೆಯಾದ ಸಂವಿಧಾನ ಕರಡು ಸಮಿತಿಯ ಅಧ್ಯಕ್ಷತೆಯೂ ಅವರ ಪಾಲಿಗೆ ಬಂದಿತು.

1948ರ ಡಿಸೆಂಬರ್‌ನಲ್ಲಿ ಮಂತ್ರಿಮಂಡಲದ ವಿಧಿ ಚರ್ಚೆಗೆ ಬಂದಾಗ, ಸಚಿವರನ್ನು ಅನುಪಾತ ಪ್ರಾತಿನಿಧ್ಯದ ಮೂಲಕ ಸದನವೇ ಆರಿಸಬೇಕೆಂಬ ತಿದ್ದುಪಡಿ ಮಂಡನೆಯಾಯಿತು. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಪ್ರಧಾನಿಯ ಸಲಹೆಯಿಲ್ಲದೆ ಯಾರೂ ಸಂಪುಟ ಸೇರುವಂತಿರಬಾರದು, ಪ್ರಧಾನಿ ಬೇಡವೆಂದವರು ಅಲ್ಲಿ ಉಳಿಯುವಂತಿರಬಾರದು, ಆಗ ಮಾತ್ರ ಸಾಮೂಹಿಕ ಹೊಣೆಗಾರಿಕೆ ಜಾರಿಗೆ ಬಂದೀತು ಎಂಬುದು ಅವರ ವಾದವಾಗಿತ್ತು. ಸಭೆ ಅವರ ನಿಲುವನ್ನೇ ಎತ್ತಿಹಿಡಿಯಿತು.

ಯಾರಿಗೆ ಯಾವ ಖಾತೆ, ಯಾವ ಸಂಪುಟ ಸಮಿತಿಯಲ್ಲಿ ಯಾರು ಎಂಬುದನ್ನು ಸಂವಿಧಾನ ವಿಧಿಸಲಿಲ್ಲ. ಕಾರ್ಯಹಂಚಿಕೆಯನ್ನು 77ನೇ ವಿಧಿಯಡಿ ರಚಿಸುವ ನಿಯಮಗಳಿಗೆ ಬಿಡಲಾಯಿತು. ವಾಸ್ತವದಲ್ಲಿ ಆ ನಿರ್ಧಾರ ಪ್ರಧಾನಿಯದಾಯಿತು. ಅಂಬೇಡ್ಕರ್ ಅವರಿಗೆ ನೋವು ತಂದದ್ದು ಈ ಭಾಗವೇ. ಅವರು ಬಯಸಿದ್ದ ಯೋಜನಾ ಖಾತೆ ದೊರೆಯಲಿಲ್ಲ. ವಿದೇಶಾಂಗ, ರಕ್ಷಣಾ ಸಮಿತಿಗಳಲ್ಲಿಯೂ ಸ್ಥಾನ ಸಿಗಲಿಲ್ಲ. ಮುಖ್ಯ ತೀರ್ಮಾನಗಳು ಸಮಿತಿಗಳಲ್ಲಿಯೇ ಮುಗಿದು, ಸಂಪುಟವು ಅವನ್ನು ದಾಖಲಿಸುವ ಕಚೇರಿಯಂತಾಗಿದೆ ಎಂದು ಅವರು ಭಾವಿಸಿದರು. ತೀರ್ಮಾನ ರೂಪುಗೊಳ್ಳುವಾಗ ದೂರವಿದ್ದವರೂ ಅದರ ಹೊಣೆಯನ್ನು ಸಮಾನವಾಗಿ ಹೊರಬೇಕಿತ್ತು.

ಕೊನೆಯ ಪೆಟ್ಟು ಬಿದ್ದದ್ದು ಹಿಂದೂ ಸಂಹಿತೆ ಮಸೂದೆಯ ವಿಷಯದಲ್ಲಿ. ಮಹಿಳೆಯರಿಗೆ ಆಸ್ತಿ ಹಕ್ಕು, ವಿಚ್ಛೇದನದ ಅವಕಾಶ ನೀಡುವ ಈ ಮಸೂದೆಗೆ ಆಡಳಿತ ಪಕ್ಷದೊಳಗೇ ತೀವ್ರ ವಿರೋಧವಿತ್ತು. 1951ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಸೆಪ್ಟೆಂಬರ್ 27ರಂದು ಅಂಬೇಡ್ಕರ್ ಪ್ರಧಾನಿಗೆ ರಾಜೀನಾಮೆ ಪತ್ರ ಬರೆದರು. ಅಕ್ಟೋಬರ್‌ನಲ್ಲಿ ಸದನದಲ್ಲಿ ಹೇಳಿಕೆ ನೀಡಲು ಎದ್ದಾಗ, ಅದರ ಪ್ರತಿಯನ್ನು ಮೊದಲೇ ಸಲ್ಲಿಸಬೇಕೆಂಬ ಸೂಚನೆ ಬಂದಿತು. ಅವರು ಸಭಾತ್ಯಾಗ ಮಾಡಿ ಹೇಳಿಕೆಯನ್ನು ಪತ್ರಿಕೆಗಳಿಗೆ ನೀಡಿದರು.

ಪ್ರಥಮ ಮಹಾಚುನಾವಣೆಯಲ್ಲಿ ಮುಂಬಯಿಯಿಂದ ಸ್ಪರ್ಧಿಸಿ ಸೋತ ಅವರು, 1952ರಲ್ಲಿ ರಾಜ್ಯಸಭೆ ಪ್ರವೇಶಿಸಿದರು. ಮತ್ತೆ ಸಚಿವರಾಗಲಿಲ್ಲ. ಅವರ ಮಸೂದೆಯು 1955 ಮತ್ತು 1956ರಲ್ಲಿ ನಾಲ್ಕು ಪ್ರತ್ಯೇಕ ಕಾಯಿದೆಗಳ ರೂಪದಲ್ಲಿ, ಹಲವು ಬದಲಾವಣೆಗಳೊಡನೆ ಅಂಗೀಕಾರವಾಯಿತು. 1956ರ ಡಿಸೆಂಬರ್ 6ರಂದು ಅವರು ದೆಹಲಿಯಲ್ಲಿ ನಿಧನರಾದರು.

ಮಂತ್ರಿಮಂಡಲದ ಗಾತ್ರ ಲೋಕಸಭೆಯ ಸದಸ್ಯಬಲದ ಶೇ. 15ನ್ನು ಮೀರಬಾರದೆಂಬ ಮಿತಿಯನ್ನು 2003ರ 91ನೇ ತಿದ್ದುಪಡಿ 75ನೇ ವಿಧಿಗೆ ಸೇರಿಸಿತು. ಖಾತೆ ಮತ್ತು ಸಮಿತಿಗಳ ಹಂಚಿಕೆ ಮಾತ್ರ ಇಂದಿಗೂ ಪ್ರಧಾನಿಯ ವಿವೇಚನೆಗೇ ಸೇರಿದೆ. ಸಂಪುಟದಲ್ಲಿ ಸ್ಥಾನ ಪಡೆಯುವುದು ಬೇರೆ, ತೀರ್ಮಾನದಲ್ಲಿ ಪಾಲು ಪಡೆಯುವುದು ಬೇರೆ ಎಂಬುದನ್ನು ದೇಶದ ಪ್ರಥಮ ಕಾನೂನು ಸಚಿವರ ನಾಲ್ಕು ವರ್ಷಗಳ ಅಧಿಕಾರಾವಧಿ ತೋರಿಸಿಕೊಟ್ಟಿದೆ.